ಉಳಿತಾಯ ಯಾರ ತಟ್ಟೆಯಿಂದ?



ತಿಂಗಳ ಕೊನೆಯ ವಾರ ಮನೆಭೇಟಿಗೆ ಹೋದರೆ ಅಡುಗೆಮನೆಯ ಸದ್ದಿನಿಂದಲೇ ಆ ಮನೆಯ ಸ್ಥಿತಿ ತಿಳಿಯುತ್ತದೆ. "ಕೂತ್ಕೊಳ್ಳಿ ಫಾದರ್, ಕಾಫಿ ತರ್ತೀನಿ" ಎಂದು ಒಳಗೆ ಹೋದ ತಾಯಿ ಚಮಚದಿಂದ ಡಬ್ಬದ ತಳ ಕೆರೆಯುವುದು ಹೊರಗೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಮಗನೊಬ್ಬ ಹಿಂಬಾಗಿಲಿನಿಂದ ಅಂಗಡಿಗೆ ಓಡುತ್ತಾನೆ. ಕಾಫಿ ಬೇಡವೆಂದರೂ ಯಾರೂ ಕೇಳುವುದಿಲ್ಲ.

ಇಷ್ಟು ಸಂಬಳದಲ್ಲಿ ತಿಂಗಳು ಹೇಗೆ ಸಾಗಿಸುತ್ತೀರಿ ಎಂದು ಕೇಳಿದರೆ ಹೆಚ್ಚಿನ ತಾಯಂದಿರು ಕೊಡುವ ಉತ್ತರ ಒಂದೇ: "ಹೇಗೋ ಸರಿದೂಗಿಸ್ತೀನಿ ಫಾದರ್." ಈ 'ಹೇಗೋ' ಎಂಬ ಮಾತಿನೊಳಗೆ ಏನಿದೆ ಎಂಬುದನ್ನು ಈ ವಾರ ಸ್ವಲ್ಪ ಬಿಡಿಸಿ ನೋಡೋಣ.

ಅದರೊಳಗೆ ಇರುವುದು ಬಹಳ ಸಲ ಆಕೆಯ ತಟ್ಟೆ. ಗಂಡನಿಗೆ, ಮಕ್ಕಳಿಗೆ, ಅತ್ತೆ ಮಾವನಿಗೆ ಬಡಿಸಿದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಆಕೆಯ ಪಾಲು. ಬೇಳೆ ಮೇಲಿನವರಿಗೆ, ತಿಳಿ ಆಕೆಗೆ. ಮೊಟ್ಟೆ ನಾಲ್ಕಿದ್ದು ಜನ ಐದಿದ್ದರೆ "ನನಗೆ ಮೊಟ್ಟೆ ಸೇರಲ್ಲ" ಎನ್ನುವವಳು ಆಕೆಯೇ. ಹೀಗೆ ಮಾಡಬೇಕೆಂದು ಮನೆಯಲ್ಲಿ ಯಾರೂ ತೀರ್ಮಾನಿಸಿದ್ದಿಲ್ಲ, ಯಾವ ಲೆಕ್ಕದ ಪುಸ್ತಕದಲ್ಲೂ ಬರೆದದ್ದಿಲ್ಲ. ನಮ್ಮ ಮನೆಯಲ್ಲಿಯೂ ಅಮ್ಮನಿಗೆ ತಳ ಹಿಡಿದ ಅನ್ನವೆಂದರೆ ಇಷ್ಟ ಎಂದೇ ನಾವು ಮಕ್ಕಳೆಲ್ಲ ನಂಬಿದ್ದೆವು. ನಾನು ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಆಕೆ ತಲೆತಿರುಗಿ ಬಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ಮೈಯಲ್ಲಿ ಇರಬೇಕಾದದ್ದರ ಅರ್ಧಕ್ಕಿಂತ ತುಸು ಹೆಚ್ಚು ಹಿಮೋಗ್ಲೋಬಿನ್ ಇತ್ತು. ಆ ಹೊತ್ತಿಗೆ ನಾನು ಅರಿಸ್ಟಾಟಲ್ ಮನೆವಾರ್ತೆಗೂ ಹಣ ಗಳಿಕೆಗೂ ಮಾಡುವ ವ್ಯತ್ಯಾಸವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಿದ್ದೆ.

ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆಯಿದೆ. ಅದಕ್ಕೆ ಬೇರೆ ಕಾರಣಗಳೂ ಇವೆ, ನಿಜ. ಆದರೆ ತಟ್ಟೆಯೂ ಒಂದು ಕಾರಣ. ಆದ್ದರಿಂದ ದಿನಸಿಯಲ್ಲಿ ಉಳಿತಾಯ ಮಾಡುವುದನ್ನು ಹೇಳುವ ಮೊದಲು ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳೋಣ: ಉಳಿಸುವುದಿದ್ದರೆ ಅಂಗಡಿಯಲ್ಲಿ ಉಳಿಸೋಣ, ಡಬ್ಬದಲ್ಲಿ ಉಳಿಸೋಣ. ಒಬ್ಬರ ತಟ್ಟೆಯಲ್ಲಿ ಉಳಿಸಿದ್ದು ಉಳಿತಾಯವಲ್ಲ. ಅದು ಆಕೆಯಿಂದ ತಂದ ಸಾಲ, ಮುಂದೊಂದು ದಿನ ಆಸ್ಪತ್ರೆಯಲ್ಲಿ ಬಡ್ಡಿ ಸಹಿತ ತೀರಿಸಬೇಕಾಗುತ್ತದೆ.

ಹಣ ಹೋಗುವ ದಾರಿ

ಅಕ್ಕಿ, ರಾಗಿಯ ಬೆಲೆ ಏರಿದ್ದರಿಂದಲೇ ಕಷ್ಟ ಎಂದು ನಾವು ಹೇಳುತ್ತೇವೆ. ಕೇಂದ್ರ ಸರ್ಕಾರದ 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆ ಬೇರೆಯೇ ಚಿತ್ರ ಕೊಡುತ್ತದೆ. ದೇಶದ ಹಳ್ಳಿಯ ಮನೆಗಳಲ್ಲಿ ಖರ್ಚಾಗುವ ಪ್ರತಿ 100 ರೂಪಾಯಿಯಲ್ಲಿ ಸುಮಾರು 46 ಆಹಾರಕ್ಕೆ ಹೋಗುತ್ತದೆ. ಅದರಲ್ಲಿ ಅಕ್ಕಿ, ಗೋಧಿ ಮುಂತಾದ ಧಾನ್ಯಕ್ಕೆ ಹೋಗುವುದು 5 ರೂಪಾಯಿಯೊಳಗೆ. ಪಾನೀಯ, ಕುರುಕಲು ತಿಂಡಿ, ಸಿದ್ಧ ಆಹಾರಕ್ಕೆ ಹೋಗುವುದು 9 ರೂಪಾಯಿಗೂ ಹೆಚ್ಚು. ಪಟ್ಟಣಗಳಲ್ಲಿ ಅದು 10 ದಾಟುತ್ತದೆ.

ಅಂದರೆ ಚೀಲದ ಅಕ್ಕಿಗಿಂತ ಅಂಗಡಿಯ ಮುಂದೆ ಸರವಾಗಿ ತೂಗುವ ಪೊಟ್ಟಣಗಳು ನಮ್ಮಿಂದ ಹೆಚ್ಚು ಕೀಳುತ್ತವೆ. ಇಬ್ಬರು ಮಕ್ಕಳಿಗೆ ದಿನಕ್ಕೆ ಹತ್ತು ಹತ್ತು ರೂಪಾಯಿಯ ಒಂದೊಂದು ಪೊಟ್ಟಣ ಎಂದರೆ ತಿಂಗಳಿಗೆ 600 ರೂಪಾಯಿ. ಮೊಟ್ಟೆಯೊಂದಕ್ಕೆ 7 ರೂಪಾಯಿ ಹಿಡಿದರೂ 85 ಮೊಟ್ಟೆ ಬರುತ್ತವೆ. ಅದೇ ಇಬ್ಬರು ಮಕ್ಕಳಿಗೆ ದಿನಾ ಒಂದೊಂದು ಮೊಟ್ಟೆ ಕೊಟ್ಟು ಇನ್ನೂ 25 ಉಳಿಯುತ್ತವೆ. ಅವು ಯಾರಿಗೆ ಎಂದು ನಾನು ಹೇಳಬೇಕಾಗಿಲ್ಲ. ಮಕ್ಕಳಿಗೆ ಒಂದು ದಿನವೂ ಕುರುಕಲು ಕೊಡಿಸಬಾರದೆಂದಲ್ಲ. ಭಾನುವಾರ ಬಲಿಪೂಜೆ ಮುಗಿಸಿ ಬರುವಾಗ ಮಗು ಕೇಳಿದರೆ ಕೊಡಿಸಿ. ದಿನನಿತ್ಯದ ಲೆಕ್ಕ ಬೇರೆ.

ಪೊಟ್ಟಣದ ಮೇಲಿನ ಸಣ್ಣ ಅಕ್ಷರ

ಐದು ರೂಪಾಯಿಯ ಬಿಸ್ಕತ್ತು ಇಂದಿಗೂ ಐದೇ ರೂಪಾಯಿ, ಆದರೆ ಕೈಯಲ್ಲಿ ಹಿಡಿದರೆ ಹಗುರ. ಬೆಲೆ ಹಾಗೆಯೇ ಇಟ್ಟು ತೂಕ ಇಳಿಸುವುದು ಕಂಪನಿಗಳ ಹಳೆಯ ಉಪಾಯ. ಮೊದಲು ಕೆಲವು ಸಾಮಾನುಗಳನ್ನು ಇಂತಿಷ್ಟೇ ತೂಕದ ಪೊಟ್ಟಣಗಳಲ್ಲಿ ಮಾರಬೇಕೆಂಬ ಕಟ್ಟಳೆಯಿತ್ತು. 2021ರಲ್ಲಿ ತೂಕ ಮತ್ತು ಅಳತೆಯ ನಿಯಮಕ್ಕೆ ತಂದ ತಿದ್ದುಪಡಿ ಅದನ್ನು ತೆಗೆದುಹಾಕಿತು. ಬದಲಿಗೆ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಬೀಳುತ್ತದೆ ಎಂಬುದನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಹೇಳಿತು. ಗರಿಷ್ಠ ಮಾರಾಟ ಬೆಲೆಯ ಹತ್ತಿರವೇ ಅದು ಇರುತ್ತದೆ. ಕನ್ನಡಕ ಬೇಕಾದರೆ ಹಾಕಿಕೊಂಡು ಹೋಗಿ, ನಾಚಿಕೆ ಬೇಡ.

ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳಿ. ಅಡುಗೆ ಎಣ್ಣೆಯ ಒಂದು ಪೊಟ್ಟಣ 150 ರೂಪಾಯಿ, ಇನ್ನೊಂದು 144 ರೂಪಾಯಿ. ಕೈ ತಾನಾಗಿಯೇ ಎರಡನೆಯದರ ಕಡೆ ಹೋಗುತ್ತದೆ. ಮೊದಲನೆಯದರಲ್ಲಿ ಒಂದು ಲೀಟರ್, ಅಂದರೆ ಸುಮಾರು 910 ಗ್ರಾಂ ಇದೆ. ಎರಡನೆಯದರಲ್ಲಿ 840 ಗ್ರಾಂ. ಕಿಲೋ ಲೆಕ್ಕಕ್ಕೆ ತಂದರೆ ಮೊದಲನೆಯದು ಸುಮಾರು 165 ರೂಪಾಯಿ, ಎರಡನೆಯದು 171. ಅಗ್ಗವೆಂದು ಕೊಂಡದ್ದೇ ದುಬಾರಿ. ಖಾರದ ಪುಡಿ ಹತ್ತು ರೂಪಾಯಿಗೆ 20 ಗ್ರಾಂ ಬಂದರೆ ಕಿಲೋಗೆ 500 ರೂಪಾಯಿ ಕೊಟ್ಟಂತಾಯಿತು. ದಿನಗೂಲಿಯವರು ದಿನದಿನಕ್ಕೆ ಕೊಳ್ಳುವುದರಿಂದ ಈ ಬೆಲೆ ಹೆಚ್ಚಾಗಿ ಬೀಳುವುದು ಅವರ ಮೇಲೆಯೇ. ಹಾಗೆಂದು ದೊಡ್ಡದು ಯಾವಾಗಲೂ ಅಗ್ಗ ಎಂದುಕೊಳ್ಳಬೇಡಿ. ಶಾಂಪೂವಿನಂಥ ವಸ್ತುಗಳಲ್ಲಿ ಬಾಟಲಿಗಿಂತ ಚಿಕ್ಕ ಪೊಟ್ಟಣವೇ ಅಗ್ಗವಾಗಿರುವುದುಂಟು. ಅದಕ್ಕೇ ಪ್ರತಿ ಸಲ ಲೆಕ್ಕ ಹಾಕಿ ನೋಡಬೇಕು.

ಒಟ್ಟಿಗೆ ಕೊಳ್ಳುವುದಕ್ಕೆ ಒಬ್ಬರ ಕೈಯಲ್ಲಿ ಹಣವಿಲ್ಲದಿದ್ದರೆ ಐದು ಮನೆಯವರು ಸೇರಬಹುದು. ಮಹಿಳಾ ಸಂಘಗಳಲ್ಲಿ, ಕಿರು ಕ್ರೈಸ್ತ ಸಮುದಾಯಗಳಲ್ಲಿ ಇದು ಸುಲಭ. ಅಕ್ಕಿ ಒಂದು ಮೂಟೆ, ಬೇಳೆ ಹತ್ತು ಕಿಲೋ, ಎಣ್ಣೆ ಒಂದು ಡಬ್ಬ ಸಗಟು ಅಂಗಡಿಯಿಂದ ತಂದು ಎಲ್ಲರ ಕಣ್ಣೆದುರಿಗೇ ತಕ್ಕಡಿಯಲ್ಲಿ ತೂಗಿ ಹಂಚಿಕೊಳ್ಳಿ. 2022ರ ಜುಲೈ 18ರಿಂದ 25 ಕಿಲೋವರೆಗಿನ ಮೊದಲೇ ಕಟ್ಟಿದ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳಿಗೆ ಶೇಕಡಾ 5 ಜಿ.ಎಸ್.ಟಿ. ಬಂತು. ಬಿಡಿಯಾಗಿ ತೂಗಿ ಕೊಟ್ಟದ್ದಕ್ಕೆ ಅದನ್ನು ಹಾಕಲಿಲ್ಲ. ಹಲವೆಡೆ 26 ಕಿಲೋದ ಅಕ್ಕಿ ಚೀಲಗಳು ಕಾಣಿಸಿಕೊಂಡ ಗುಟ್ಟು ಇದೇ.

ಕಾಲ ನೋಡಿ ಕೊಳ್ಳುವುದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಲಬುರಗಿ ಕಡೆಯ ಹೊಸ ತೊಗರಿ ಡಿಸೆಂಬರ್ ಜನವರಿಯಿಂದ ಮಾರುಕಟ್ಟೆಗೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಜನವರಿಯಿಂದ ಮಾರ್ಚಿಯವರೆಗೆ ರಾಶಿ ಬೀಳುತ್ತದೆ, ಅದರ ಬೆನ್ನಿಗೇ ಹುಣಸೆಹಣ್ಣು. ವರ್ಷದ ಹುಣಸೆಯನ್ನು ಬೇಸಿಗೆಯಲ್ಲಿ ಕೊಂಡು ಬೀಜ ತೆಗೆದು ಉಪ್ಪು ಬೆರೆಸಿ ಇಡುವವರಿಗೆ ಮಳೆಗಾಲದ ಬೆಲೆಯ ಚಿಂತೆಯಿಲ್ಲ. ಬೇಳೆ ಬಿಸಿಲಿಗೆ ಹಾಕಿ ಆರಿದ ಮೇಲೆ ಡಬ್ಬಕ್ಕೆ ತುಂಬಿ. ಕಾಳುಗಳಿಗೆ ಸ್ವಲ್ಪ ಹರಳೆಣ್ಣೆ ಸವರಿಟ್ಟರೆ ಹುಳು ಹತ್ತಿರ ಬರುವುದಿಲ್ಲ. ತೇವದ ಗೋಡೆಗೆ ತಾಗಿಸಿ ಮೂಟೆ ಇಟ್ಟು ಅರ್ಧ ಹುಳುವಿಗೆ ಕೊಟ್ಟರೆ ಅಗ್ಗವಾಗಿ ಕೊಂಡ ಲಾಭ ಅಲ್ಲಿಗೇ ಮುಗಿಯಿತು.

ಅಂಗಡಿಯ ಸಾಲದ ಪುಸ್ತಕ

ಬೀದಿ ಮೂಲೆಯ ಅಂಗಡಿಯಲ್ಲಿ ಬರೆಸಿ ತರುವ ಪದ್ಧತಿಯನ್ನು ನಾನು ಪೂರ್ತಿ ಬೇಡವೆನ್ನಲಾರೆ. 2020ರ ಲಾಕ್‌ಡೌನ್ ದಿನಗಳಲ್ಲಿ ಎಷ್ಟೋ ಮನೆಗಳನ್ನು ನಡೆಸಿದ್ದು ಆ ಪುಸ್ತಕವೇ. ದೊಡ್ಡ ಮಳಿಗೆಗಳು ಯಾರಿಗೂ ಕಡ ಕೊಡಲಿಲ್ಲ. ಆದರೆ ಸಾಲದಲ್ಲಿ ಕೊಳ್ಳುವವರಿಗೆ ಆರಿಸುವ ಸ್ವಾತಂತ್ರ್ಯ ಇರುವುದಿಲ್ಲ. ಕೊಟ್ಟದ್ದನ್ನು ತರಬೇಕು, ಹೇಳಿದ ಬೆಲೆಗೆ ತರಬೇಕು, ಬೇರೆ ಅಂಗಡಿಯ ಕಡೆ ನೋಡುವಂತಿಲ್ಲ. ಹಳೆಯ ಬಾಕಿಯನ್ನು ಒಮ್ಮೆಗೇ ತೀರಿಸಲಾಗದಿದ್ದರೆ ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿಕೊಂಡು ಹೊಸದನ್ನು ನಗದು ಕೊಟ್ಟೇ ತನ್ನಿ. ಮಕ್ಕಳ ಕೈಯಲ್ಲಿ ಬರೆಸಿ ತರಿಸುವುದನ್ನಂತೂ ನಿಲ್ಲಿಸಿ. ಪುಸ್ತಕದ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ. ಇನ್ನೊಂದು ಮಾತು: ದೊಡ್ಡ ಮಳಿಗೆಯಲ್ಲಿ ಮುದ್ರಿತ ಬೆಲೆಯನ್ನು ತುಟಿ ಬಿಚ್ಚದೆ ಕೊಟ್ಟು ಬಂದವರು ಸಂತೆಯಲ್ಲಿ ಸೊಪ್ಪಿನ ಅಜ್ಜಿಯ ಹತ್ತಿರ ಎರಡು ರೂಪಾಯಿಗೆ ಜಗಳಕ್ಕೆ ನಿಲ್ಲುವುದನ್ನು ನೋಡಿದ್ದೇನೆ. ಆ ಎರಡು ರೂಪಾಯಿ ಇನ್ನೊಬ್ಬ ತಾಯಿಯ ತಟ್ಟೆಯಿಂದ ಬಂದದ್ದು.

ಪಡಿತರದ ಅಕ್ಕಿಯನ್ನು ಮಾರಿ ಸೋನಾ ಮಸೂರಿ ಕೊಳ್ಳುವವರೂ ನಮ್ಮಲ್ಲಿದ್ದಾರೆ. ಅದು ಅಪರಾಧ ಎಂಬುದು ಒಂದು ಕಡೆ ಇರಲಿ, ನಷ್ಟವನ್ನು ನೋಡಿ. 2023ರ ಜುಲೈಯಿಂದ ಕೆಲಕಾಲ ಸರ್ಕಾರ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಹಣ ಕೊಟ್ಟಾಗ ಕಿಲೋಗೆ 34 ರೂಪಾಯಿ ಕಟ್ಟಿತ್ತು. ಮನೆ ಬಾಗಿಲಿಗೆ ಚೀಲ ಹಿಡಿದು ಬರುವವನು ಅಷ್ಟು ಕೊಡುತ್ತಾನೆಯೇ? ಅನ್ನಕ್ಕೆ ಮನಸ್ಸು ಒಪ್ಪದಿದ್ದರೆ ಅದೇ ಅಕ್ಕಿ ದೋಸೆಗೆ, ಇಡ್ಲಿಗೆ, ಅಕ್ಕಿ ರೊಟ್ಟಿಗೆ ಆಗುತ್ತದೆ. ಅದರಲ್ಲಿ ನೀರಿಗೆ ಹಾಕಿದರೆ ತೇಲುವ ಕೆಲವು ಕಾಳುಗಳು ಕಂಡರೆ ಪ್ಲಾಸ್ಟಿಕ್ ಎಂದು ಆರಿಸಿ ಎಸೆಯಬೇಡಿ. ಅವು ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳುಗಳು, ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ರಕ್ತ ಕಡಿಮೆಯಿರುವ ತಾಯಿಯೇ ಮೊರ ಹಿಡಿದು ಕೂತು ತನ್ನ ಔಷಧಿಯನ್ನು ಆರಿಸಿ ಬಿಸಾಡುವುದು ಎಂಥ ವಿಪರ್ಯಾಸ!

ಅಗ್ಗದ ಊಟ ಎಂದರೆ ಬಡಕಲು ಊಟ ಆಗಬೇಕಿಲ್ಲ. ಯೇಸುಸ್ವಾಮಿ ಐದು ಸಾವಿರ ಜನರಿಗೆ ಹಂಚಿದ ರೊಟ್ಟಿ ಜವೆಗೋಧಿಯದ್ದೆಂದು ಯೊವಾನ್ನನ ಶುಭಸಂದೇಶ ಹೇಳುತ್ತದೆ. ಜವೆಗೋಧಿ ಆ ನಾಡಿನ ಬಡವರ ಧಾನ್ಯ. ಎಲ್ಲರೂ ಹೊಟ್ಟೆ ತುಂಬ ಉಂಡ ಮೇಲೆಯೇ ಉಳಿದ ತುಂಡುಗಳನ್ನು ಹನ್ನೆರಡು ಬುಟ್ಟಿಗಳಲ್ಲಿ ತುಂಬಿಸಿದರು. ಈ ಕ್ರಮವನ್ನು ಗಮನಿಸಿ. ನಮ್ಮಲ್ಲಿ ಆ ಜಾಗದಲ್ಲಿ ರಾಗಿ ಇದೆ, ಹುರುಳಿ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ, ಪಾಲಿಶ್ ಮಾಡಿದ ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ದಂಟು, ನುಗ್ಗೆ, ಹೊನಗೊನ್ನೆ ಸೊಪ್ಪು ಹಿತ್ತಿಲಲ್ಲೇ ಬೆಳೆಯುತ್ತವೆ. ಸೊಪ್ಪಿನ ಸಾರಿಗೆ, ಹುರುಳಿಕಾಳಿನ ಹುಳಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಅದನ್ನು ತಡೆಯುತ್ತವೆ, ಒಂದು ಗಂಟೆ ಬಿಟ್ಟು ಕುಡಿಯಿರಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ತಪಸ್ಸುಕಾಲದಲ್ಲಿ ನಲವತ್ತು ದಿನವೂ ಒಂದೇ ಹೊತ್ತು ಉಣ್ಣುವ ತಾಯಂದಿರಿಗೆ ಒಂದು ಮಾತು. ಧರ್ಮಸಭೆ ಉಪವಾಸವನ್ನು ಕಡ್ಡಾಯ ಮಾಡಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ, ಅದೂ 18 ತುಂಬಿದವರಿಂದ 60ನೆಯ ವರ್ಷಕ್ಕೆ ಕಾಲಿಡುವವರೆಗೆ. ರೋಗಿಗಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇದಕ್ಕೆ ಕಟ್ಟುಬಿದ್ದವರಲ್ಲ. ವರ್ಷವಿಡೀ ಅರೆಹೊಟ್ಟೆ ಉಂಡವರು ಇನ್ನಷ್ಟು ಬಿಡುವುದನ್ನು ನಾನಂತೂ ಹೇಳಲಾರೆ. ಬಿಡಬೇಕಾದವರು ಬೀಡಿ, ಸಿಗರೇಟು, ಸಂಜೆಯ ಬಾಟಲಿ ಬಿಡಲಿ. ಆ ಹಣ ದಿನಸಿಯ ಡಬ್ಬಕ್ಕೆ ಬರಲಿ.

ಗಂಡಂದಿರೇ, ಈ ತಿಂಗಳು ಒಂದು ಕೆಲಸ ನಿಮ್ಮದು. ರಾತ್ರಿ ಊಟಕ್ಕೆ ಎಲ್ಲರ ತಟ್ಟೆಗಳನ್ನೂ ಸಾಲಾಗಿ ಇಡಿಸಿ, ಎಲ್ಲದಕ್ಕೂ ಬಡಿಸಿದ ಮೇಲೆ ತುತ್ತು ಎತ್ತಿ. ಸಾರು ಸಾಲದು ಎಂಬುದು ಆಗ ಎಲ್ಲರಿಗೂ ಕಾಣುತ್ತದೆ, ಆಕೆಗೆ ಮಾತ್ರವಲ್ಲ. ಮತ್ತೆ ಒಂದು ಬೆಳಗ್ಗೆ ಹೆಂಡತಿಯನ್ನು ಕರೆದುಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12ಕ್ಕಿಂತ ಕಡಿಮೆ ಬಂದರೆ, ಗರ್ಭಿಣಿಯಾಗಿದ್ದರೆ 11ಕ್ಕಿಂತ ಕಡಿಮೆ ಬಂದರೆ, ಕಬ್ಬಿಣದ ಮಾತ್ರೆಯನ್ನು ಅಲ್ಲಿಯೇ ಕೊಡುತ್ತಾರೆ. ಮಾತ್ರೆ ನುಂಗಿದಾಗ ಹೊಟ್ಟೆ ತೊಳಸಿದಂತಾಗಬಹುದು, ಮಲ ಕಪ್ಪಾಗಬಹುದು. ಅದಕ್ಕೆ ಹೆದರಿ ನಾಲ್ಕನೆಯ ದಿನಕ್ಕೇ ನಿಲ್ಲಿಸಿ ಡಬ್ಬಿಯನ್ನು ಕಿಟಕಿಯಲ್ಲಿ ಇಟ್ಟುಬಿಡುವವರು ಬಹಳ. ನಿಲ್ಲಿಸುವ ಮೊದಲು ಅಲ್ಲಿನ ನರ್ಸಮ್ಮನನ್ನು ಒಮ್ಮೆ ಕೇಳಿ.