ಜೋಳದ ಪಿಷ್ಟದಿಂದ ತಿನ್ನಬಹುದಾದ ಹಾಳೆ: ತಯಾರಿಕೆಯಲ್ಲಿ ಗಮನಿಸಬೇಕಾದ ಅಂಶಗಳು

ಆಳಂದ ತಾಲ್ಲೂಕಿನ ಹಿರೋಳ್ಳಿ ಭಾಗದಲ್ಲಿ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುವುದು ರೂಢಿ. ತಣ್ಣೀರಿನಲ್ಲಿ ನಾದಿದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಗೋಧಿಯಲ್ಲಿರುವ ಜಿಗುಟು ಸಸಾರಜನಕ ಜೋಳದಲ್ಲಿಲ್ಲ. ಬಿಸಿನೀರಿನಲ್ಲಿ ಉಬ್ಬಿ ಅಂಟಾಗುವ ಪಿಷ್ಟವೇ ಹಿಟ್ಟನ್ನು ಹಿಡಿದಿಡುತ್ತದೆ. ತಿಂಡಿ ಸುತ್ತಲು ಪಿಷ್ಟದಿಂದ ಮಾಡುವ ತೆಳು ಹಾಳೆಗೂ ಇದೇ ಗುಣ ಆಧಾರ. ಹಾಳೆಯ ಗಟ್ಟಿತನ, ಬಾಗುವಿಕೆ ಮತ್ತು ತೇವ ತಡೆಯುವ ಶಕ್ತಿ ಅದನ್ನು ತಯಾರಿಸುವ ಕ್ರಮವನ್ನು ಅವಲಂಬಿಸಿವೆ.

ಕಾಯಿಸುವಿಕೆ: 100 ಮಿ.ಲೀ. ನೀರಿಗೆ 3ರಿಂದ 5 ಗ್ರಾಂ ಪಿಷ್ಟ ಸಾಕು. ಸತತವಾಗಿ ಕದಡುತ್ತ 85ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಶಾಖ ಕಡಿಮೆಯಾದರೆ ಬೇಯದ ಕಣಗಳು ಉಳಿದು ಹಾಳೆ ಮಬ್ಬಾಗಿ ಸುಲಭವಾಗಿ ಹರಿಯುತ್ತದೆ. ಬಹಳ ಹೊತ್ತು ಕುದಿಸಿ ಜೋರಾಗಿ ಕಡೆದರೆ ಪಿಷ್ಟದ ಸರಪಳಿ ತುಂಡಾಗಿ ಬಲ ಕುಗ್ಗುತ್ತದೆ. ಬೂಷ್ಟು ಹಿಡಿದ ಕಾಳನ್ನು ಬಳಸಲೇಬಾರದು. ಅದರ ವಿಷ ಕುದಿಸಿದರೂ ಪೂರ್ತಿ ಹೋಗದು.

ಗ್ಲಿಸರಿನ್: ಬರೀ ಪಿಷ್ಟದ ಹಾಳೆ ಹಪ್ಪಳದಂತೆ ಮುರಿಯುತ್ತದೆ. 100 ಗ್ರಾಂ ಪಿಷ್ಟಕ್ಕೆ 20ರಿಂದ 30 ಗ್ರಾಂ ಆಹಾರ ದರ್ಜೆಯ ಗ್ಲಿಸರಿನ್ ಸೇರಿಸಿದರೆ ಬಾಗುತ್ತದೆ. ಹೆಚ್ಚಾದರೆ ಹಾಳೆ ಅಂಟಂಟಾಗಿ, ಬಲ ತಗ್ಗಿ, ತೇವ ಸುಲಭವಾಗಿ ಹಾದುಹೋಗುತ್ತದೆ.

ಒಣಗಿಸುವಿಕೆ: ಗಾಳಿಗುಳ್ಳೆ ಹೋದ ಮೇಲೆ ಗಂಜಿಯನ್ನು ಸಮತಟ್ಟಾದ ತಟ್ಟೆಯಲ್ಲಿ ಒಂದೇ ದಪ್ಪಕ್ಕೆ ಹರಡಿ, 40ರಿಂದ 50 ಡಿಗ್ರಿಯಲ್ಲಿ ನಿಧಾನವಾಗಿ ಒಣಗಿಸಬೇಕು. ಸಂಡಿಗೆಯಂತೆ ಬೇಸಿಗೆಯ ಬಿಸಿಲಿಗೆ ಇಟ್ಟರೆ ಮೇಲ್ಪದರ ಮೊದಲು ಒಣಗಿ ಅಂಚು ಸುರುಳಿಯಾಗಿ ಹಾಳೆ ಬಿರಿಯುತ್ತದೆ, ಧೂಳೂ ಕೂಡುತ್ತದೆ.

ಬಳಕೆಯ ಮಿತಿ: ಒಣಗಿದ ಹಾಳೆ ಎಣ್ಣೆಯನ್ನೂ ಗಾಳಿಯ ಆಮ್ಲಜನಕವನ್ನೂ ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ಶೇಂಗಾ ಹಿಂಡಿಯಂಥ ಒಣ, ಎಣ್ಣೆಯುಕ್ತ ತಿನಿಸಿಗೆ ಇದು ಒಪ್ಪುತ್ತದೆ. ಆದರೆ ನೀರಿನ ಆವಿಯನ್ನು ಇದು ತಡೆಯದು. ಅಫಜಲಪುರದ ಬೆಳೆಗಾರರು ಇದನ್ನೇ ನಂಬಿ ನಿಂಬೆಹಣ್ಣು ಕಟ್ಟಿಟ್ಟರೆ ಹಣ್ಣು ಬಾಡಿ ತೂಕ ಇಳಿಯುತ್ತದೆ, ನಷ್ಟ ಅವರದೇ. ಜೇನುಮೇಣ ಬೆರೆಸಿದರೆ ಆವಿ ಹಾಯುವುದು ತಗ್ಗುತ್ತದೆ, ಹಾಳೆಯ ಬಲವೂ ತುಸು ತಗ್ಗುತ್ತದೆ. ಹಣ್ಣಿಗೆ ಮೇಣದ ಲೇಪನವೇ ಮೇಲು. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇಂತಹ ಲೇಪನವನ್ನು ರೂಪಿಸಿದೆ.

ದಿನ ಕಳೆದಂತೆ ಹಾಳೆ ಬಿರುಸಾಗುತ್ತದೆ. ತಿನ್ನುವ ವಸ್ತುವಾದ್ದರಿಂದ ಇದರ ಮೇಲೆ ಶುಚಿಯಾದ ಇನ್ನೊಂದು ಹೊದಿಕೆ ಅವಶ್ಯ. ಸ್ವಸಹಾಯ ಸಂಘಗಳು ಮೊದಲು ಒಂದೆರಡು ತಟ್ಟೆಯಷ್ಟೇ ತಯಾರಿಸಿ, ಹದಿನೈದು ದಿನ ಇಟ್ಟು ಪರೀಕ್ಷಿಸಿ, ಅನಂತರವೇ ಹಣ ಹೂಡುವುದು ಲೇಸು.