ಹೆಗಡೆಯವರು ಎಷ್ಟು ಮಂದಿ?

ಮಲೆನಾಡಿನ ಸಹಕಾರ ಸಂಘವೊಂದರ ಹಳೆಯ ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಳೆಯದರಲ್ಲಿ ಸದಸ್ಯರಿಗೊಂದು ಟೇಬಲ್, ಠೇವಣಿದಾರರಿಗೊಂದು, ಸಾಲಗಾರರಿಗೊಂದು, ಅಡಿಕೆ ತಂದು ಹಾಕುವವರಿಗೆ ಇನ್ನೊಂದು. ಹೆಗಡೆಯವರು ಎಂದಿಟ್ಟುಕೊಳ್ಳಿ, ಅವರು ನಾಲ್ಕರಲ್ಲೂ ಇದ್ದರು. ಸಾಲದ್ದಕ್ಕೆ ನೆಂಟರೊಬ್ಬರಿಗೆ ಜಾಮೀನೂ ನಿಂತಿದ್ದರು. ಫೋನ್ ನಂಬರ್ ಮಾತ್ರ ಒಂದೊಂದು ಕಡೆ ಒಂದೊಂದು. ಅಡಿಕೆ ದುಡ್ಡು ಜಮೆಯಾದ ಸಂದೇಶ ಇನ್ಯಾರದೋ ಮೊಬೈಲಿಗೆ ಹೋಗುತ್ತಿತ್ತು.

ಮದ್ದು ಹೊಸದೇನಲ್ಲ. ವ್ಯಕ್ತಿಯಾಗಲಿ ಸಂಸ್ಥೆಯಾಗಲಿ, ಇಬ್ಬರನ್ನೂ ‘ಪಾರ್ಟಿ’ ಎಂದು ಒಂದೇ ಕಡೆ ಇಡುವ ಕ್ರಮವನ್ನು ಡೇವಿಡ್ ಹೇ ಡೇಟಾ ಮಾದರಿಗಳ ಬಗೆಗಿನ ತಮ್ಮ 1996ರ ಪುಸ್ತಕದಲ್ಲೇ ವಿವರಿಸಿದ್ದರು. ಸದಸ್ಯ, ಸಾಲಗಾರ ಮುಂತಾದ ಪಾತ್ರಗಳನ್ನು ಬೇರೆ ಟೇಬಲ್‌ನಲ್ಲಿಡುವ ವಿವರ ಅದೇ ವಿಷಯದ ಇನ್ನೊಬ್ಬ ಲೇಖಕ ಲೆನ್ ಸಿಲ್ವರ್‌ಸ್ಟನ್ ಅವರಲ್ಲಿ ಸಿಗುತ್ತದೆ. ನಾವೂ ಹಾಗೇ ಮಾಡಿದೆವು. ಪ್ರತಿ ಪಾತ್ರಕ್ಕೂ ‘ಎಂದಿನಿಂದ’, ‘ಎಂದಿನವರೆಗೆ’ ಎಂಬ ಎರಡು ತಾರೀಕು ಕಡ್ಡಾಯ. ಉದಾಹರಣೆಗೆ, ಸಂಘದ ನಿರ್ದೇಶಕರ ಅವಧಿ 5 ವರ್ಷ. ಸಾಲ ಮಂಜೂರಾದ ದಿನ ಹೆಗಡೆಯವರು ಮಂಡಳಿಯಲ್ಲಿದ್ದರೇ ಎಂದು ಆಡಿಟರ್ ಕೇಳಿದರೆ, ‘ನಿರ್ದೇಶಕ: ಹೌದು/ಅಲ್ಲ’ ಎಂಬ ಟಿಕ್ ಗುರುತು ಯಾವ ಉತ್ತರ ಕೊಟ್ಟೀತು? ಜಾಮೀನಿನ ಕಥೆ ಬೇರೆ. ಅದು ಒಬ್ಬರ ಪಾತ್ರವಲ್ಲ, ಒಂದು ಸಾಲದ ಮಟ್ಟಿಗೆ ಇಬ್ಬರ ನಡುವಿನ ಸಂಬಂಧ. ಅದಕ್ಕೆ ಪ್ರತ್ಯೇಕ ಟೇಬಲ್.

ತಲೆ ತಿಂದದ್ದು ಇದಾವುದೂ ಅಲ್ಲ, ‘ಒಬ್ಬರು’ ಅಂದರೆ ಯಾರು ಎಂಬ ಪ್ರಶ್ನೆ. ಹೆಗಡೆಯವರ ಗೊಬ್ಬರದಂಗಡಿಗೆ ಬೇರೆ ಹೆಸರು, ಬೇರೆ ಬೋರ್ಡು. ಆದರೆ ಅದರ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯಲ್ಲಿ ಕರ್ನಾಟಕದ 29 ಆದಮೇಲೆ ಬರುವ ಹತ್ತು ಅಕ್ಷರ ಅವರ ಸ್ವಂತ ಪ್ಯಾನ್. ಅಂಗಡಿಯೂ ಅವರೇ. ತೋಟದ ಆದಾಯ ಮಾತ್ರ ಅವಿಭಕ್ತ ಕುಟುಂಬದ ಹೆಸರಿನಲ್ಲಿ. ಆ ಪ್ಯಾನಿನ ನಾಲ್ಕನೆಯ ಅಕ್ಷರ ‘ಎಚ್’, ಅವರದರಲ್ಲಿ ‘ಪಿ’. ಸಹಿ ಹಾಕುವ ಕೈ ಒಂದೇ ಆದರೂ ಕಾನೂನಿಗೆ ಇವರು ಇಬ್ಬರು. ಎಂಜಿನಿಯರಿಗಿಂತ ಸಂಘದ ಹಳೇ ಗುಮಾಸ್ತರಿಗೆ ಇದು ಬೇಗ ಅರ್ಥವಾಯಿತು.

ಹೆಸರು, ಊರು ಹೊಂದಿದ ಕೂಡಲೇ ದಾಖಲೆಗಳನ್ನು ತಾನಾಗಿ ಬೆಸೆಯುವ ಸೌಲಭ್ಯಕ್ಕೆ ನಾನು ಒಪ್ಪಲಿಲ್ಲ. ಒಂದೇ ಊರಲ್ಲಿ ಒಂದೇ ಹೆಸರಿನ ಅಜ್ಜ, ಮೊಮ್ಮಗ ಇಬ್ಬರೂ ಇರುತ್ತಾರೆ; ಬೆಸೆದುಹೋದ ಎರಡು ಸಾಲದ ಲೆಕ್ಕ ಬಿಡಿಸುವುದು ನರಕ. ಹೊಸ ತಂತ್ರಾಂಶ ಕೊಳ್ಳುವ ಸಂಘದವರು ಬಣ್ಣಬಣ್ಣದ ವರದಿ ನೋಡುವ ಮೊದಲು, ತಪ್ಪಾಗಿ ಒಂದಾದ ಇಬ್ಬರನ್ನು ಮತ್ತೆ ಬೇರೆ ಮಾಡಲು ಬರುತ್ತದೆಯೇ ಎಂದು ಮಾರುವವರನ್ನು ಕೇಳಿ, ಎದುರಿಗೇ ಮಾಡಿ ತೋರಿಸಲು ಹೇಳಿ.