ಕೋಣಗಲ್ಲಿನ ಕಾಳಗ: ಒಬ್ಬರೇ ಆಡಿ ಕಲಿಯುವ ಯುದ್ಧದಾಟ

ಹುಲಿ-ಕುರಿ ಆಟವನ್ನೂ ಚದುರಂಗವನ್ನೂ ಅರಿಯದ ಮಕ್ಕಳು ನಮ್ಮ ಆದೋನಿ ಸೀಮೆಯಲ್ಲಿ ವಿರಳ. ಇವೂ ಯುದ್ಧದ ಆಟಗಳೇ. ಆದರೆ ಚದುರಂಗದ ಕುದುರೆಗೆ ದಣಿವಿಲ್ಲ, ಭಯವಂತೂ ಇಲ್ಲವೇ ಇಲ್ಲ. ನಿಜವಾದ ರಣರಂಗದಲ್ಲಿ ಈ ಎರಡೂ ಇರುತ್ತವೆ. ಅವನ್ನೂ ಲೆಕ್ಕಕ್ಕೆ ಹಿಡಿಯಲೆಂದು ಪ್ರಷ್ಯಾ ದೇಶದ ಸೈನ್ಯಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ನಕ್ಷೆ ಮತ್ತು ದಾಳಗಳಿಂದ ಆಡುವ ಒಂದು ಆಟದ ನಿಯಮಗಳನ್ನು ಪ್ರಕಟಿಸಿದನು. ಆಂಗ್ಲ ಸಾಹಿತಿ ಎಚ್. ಜಿ. ವೆಲ್ಸ್ 1913ರಲ್ಲಿ ಮನೆಯ ನೆಲದ ಮೇಲೆ ಆಟಿಕೆಯ ಸಿಪಾಯಿಗಳಿಂದ ಆಡುವ ಕ್ರಮವನ್ನು ಪುಸ್ತಕವಾಗಿಯೇ ಬರೆದನು. ಇಂದು ಹಲವು ದೇಶಗಳಲ್ಲಿ ನೆಪೋಲಿಯನ್ನನ ಕಾಲದ ಕಾಳಗಗಳನ್ನು ಪುಟ್ಟ ಬೊಂಬೆಗಳಿಂದ ಮೇಜಿನ ಮೇಲೆ ಆಡುವವರಿದ್ದಾರೆ.

ಹೊಸದಾಗಿ ಕಲಿಯುವವರು ವಾಟರ್ಲೂವಿನಂಥ ಮಹಾಯುದ್ಧಕ್ಕೆ ಕೈ ಹಾಕಬಾರದು. ಚಿಕ್ಕ ಕಾಳಗವೇ ಮೇಲು, ಅಂಥದೊಂದು ನಮ್ಮ ಸಮೀಪದಲ್ಲಿಯೇ ನಡೆದಿದೆ. 1815ರಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್, ಅದಕ್ಕೆ ಹದಿನೈದು ವರ್ಷ ಮೊದಲು ಕರ್ನಲ್ ಆರ್ಥರ್ ವೆಲ್ಲೆಸ್ಲಿ ಎಂಬ ಹೆಸರಿನಿಂದ ತುಂಗಭದ್ರೆಯ ಆಚೆಯ ರಾಯಚೂರು ಸೀಮೆಯಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿದ್ದನು. ಧೋಂಡಿಯಾ ಚನ್ನಗಿರಿಯವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಂದು, ಟಿಪ್ಪುವಿನ ಸೈನ್ಯದಲ್ಲಿದ್ದು ಕೆಲಸ ಕಳೆದುಕೊಂಡ ಸವಾರರನ್ನು ಕೂಡಿಸಿಕೊಂಡವನು. ಆಂಗ್ಲರು ಅವನನ್ನು ದರೋಡೆಗಾರನೆಂದು ಕರೆದರು. ಐದು ಸಾವಿರ ಸವಾರರ ಒಡೆಯನಿಗೆ ಆ ಮಾತು ಸಾಲದೆಂದು ನಮಗೆ ತೋರುತ್ತದೆ. 1800ನೇ ಇಸವಿ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಇಬ್ಬರೂ ಎದುರಾದರು. (ಮುಂದಿನ ತಿಂಗಳ 12ರ ಒಪ್ಪಂದದಿಂದ ನಿಜಾಮನು ನಮ್ಮ ಆದೋನಿಯನ್ನೂ ಕಂಪನಿಗೆ ಬಿಟ್ಟುಕೊಟ್ಟನು.)

ವೆಲ್ಲೆಸ್ಲಿಯ ಬಳಿ ಅಂದು ಇದ್ದುದು ನಾಲ್ಕು ಕುದುರೆ ದಳಗಳು ಮಾತ್ರ. ಧೋಂಡಿಯಾನ ಬೆನ್ನಿಗೂ ಎಡಕ್ಕೂ ಕೋಣಗಲ್ಲಿನ ಊರು ಮತ್ತು ಬಂಡೆ ಆಸರೆಯಾಗಿದ್ದವು.

ಈಗ ಆಟಕ್ಕೆ ಬರೋಣ. ಬೆಂಕಿಪೊಟ್ಟಣದಷ್ಟು ಅಗಲದ ಹದಿನಾಲ್ಕು ರಟ್ಟಿನ ತುಂಡುಗಳನ್ನು ಕತ್ತರಿಸಿಕೊಳ್ಳಬೇಕು. ಹತ್ತು ತುಂಡುಗಳಿಗೆ ಐದೈದು ಹುಣಸೆ ಬೀಜ ಅಂಟಿಸಿದರೆ, ಬೀಜವೊಂದಕ್ಕೆ ನೂರರಂತೆ ಧೋಂಡಿಯಾನ ಐದು ಸಾವಿರ ಸವಾರರಾದರು. ಉಳಿದ ನಾಲ್ಕಕ್ಕೆ ಹತ್ತಿ ಕಾಳು ಅಂಟಿಸಿ, ದಳಕ್ಕೊಂದು ತುಂಡೆಂದು ತಿಳಿಯೋಣ. ಹತ್ತಿಯ ಊರಿನಲ್ಲಿ ಹತ್ತಿ ಕಾಳಿಗೆ ಬರವೇ! ಒಂದು ಇಟ್ಟಿಗೆ ಬಂಡೆಯಾಗಲಿ. ಊರಿನ ಗಡಿಯನ್ನು ಸೀಮೆಸುಣ್ಣದಿಂದ ಎಳೆಯೋಣ. ಧೋಂಡಿಯಾನ ತುಂಡುಗಳನ್ನು ಐದರಂತೆ ಎರಡು ಸಾಲು ಮಾಡಿ, ಎಡ ತುದಿಯನ್ನು ಇಟ್ಟಿಗೆಗೆ ತಾಗಿಸಿ ನಿಲ್ಲಿಸಬೇಕು.

ಒಂದು ಸರದಿಗೆ ತುಂಡು ಒಂದು ಗೇಣು ಸಾಗುತ್ತದೆ; ಮೇಲೆ ಬೀಳುವಾಗ ಒಂದೂವರೆ ಗೇಣು. ತಾಗುವ ಮುನ್ನ, ನಿಂತವನು ಪ್ರತಿ ತುಂಡಿಗೂ ಎದೆಗಾರಿಕೆಯ ದಾಳ ಹಾಕಬೇಕು. ಒಂದು ಅಥವಾ ಎರಡು ಬಿದ್ದರೆ ತುಂಡು ಹೊಡೆದಾಟಕ್ಕೆ ಮೊದಲೇ ಓಡಿತು. ಪಕ್ಕದ ತುಂಡು ಓಡಿದ್ದರೆ ಮೂರು ಬಿದ್ದರೂ ಓಟವೇ. ನಿಂತರೆ ಇಬ್ಬರೂ ದಾಳ ಹಾಕಬೇಕು. ಮೇಲೆ ಬಿದ್ದವನಿಗೆ ಒಂದು ಹೆಚ್ಚು, ಪಕ್ಕದಿಂದ ಪೆಟ್ಟು ತಿಂದವನಿಗೆ ಎರಡು ಕಡಿಮೆ. ಸಮವಾದರೆ ಮತ್ತೊಮ್ಮೆ. ಸೋತ ತುಂಡು ಒಂದು ಗೇಣು ಹಿಂದೆ ಸರಿಯುತ್ತದೆ, ಎರಡನೆಯ ಸೋಲಿಗೆ ಆಟದಿಂದ ಹೊರಕ್ಕೆ.

ಒಬ್ಬರೇ ಆಡುವಾಗ ಎರಡೂ ಕಡೆಯ ಗುಟ್ಟು ಒಂದೇ ತಲೆಯಲ್ಲಿರುತ್ತದೆ. ಮನಸ್ಸು ತನಗೆ ಇಷ್ಟವಾದವನ ಕಡೆಗೆ ವಾಲುತ್ತದೆ. ಆದ್ದರಿಂದ ಧೋಂಡಿಯಾನಿಗೆ ಮೂರು ಚೀಟಿ ಬರೆಯಬೇಕು: ನಿಂತು ಕಾಯುವುದು, ಬಲಗಡೆಯಿಂದ ಸುತ್ತುವರಿಯುವುದು, ಎದುರಿಗೇ ನುಗ್ಗುವುದು. ವೆಲ್ಲೆಸ್ಲಿಯ ಸಾಲನ್ನು ಮೊದಲೇ ನಿಲ್ಲಿಸಿ, ಆಮೇಲೆ ಒಂದು ಚೀಟಿ ಎತ್ತಬೇಕು. ಎತ್ತಿದ ಮೇಲೆ ಬದಲಾಯಿಸುವಂತಿಲ್ಲ. ಸರದಿ ಬಂದಾಗ ಎದ್ದು ಆ ಕಡೆಗೇ ಹೋಗಿ ಕುಳಿತುಕೊಳ್ಳಬೇಕು. ಇದು ಹುಡುಗಾಟದಂತೆ ಕಂಡೀತು, ಆದರೆ ಆ ಕಡೆಯಿಂದ ನೋಡಿದಾಗಲೇ ಧೋಂಡಿಯಾನ ಬಲ ತುದಿ ಬಯಲಿಗೆ ತೆರೆದಿರುವುದು ಕಣ್ಣಿಗೆ ಬೀಳುವುದು.

ಕಾಳಗವನ್ನು ಎರಡು ಬಾರಿ ಆಡಬೇಕು. ಮೊದಲು ಪುಸ್ತಕದ ಬುದ್ಧಿಯಂತೆ ವೆಲ್ಲೆಸ್ಲಿಯ ಎರಡು ದಳ ಮುಂದೆ, ಎರಡು ದಳ ಹಿಂದೆ ಬೆಂಬಲಕ್ಕೆ. ಆಗ ಎದುರಿನ ಐದಕ್ಕೆ ಇವನದು ಎರಡೇ. ಉಳಿದ ಮೂರು ತುಂಡುಗಳು ಪಕ್ಕಕ್ಕೆ ಬಂದು ಬಡಿಯುತ್ತವೆ. ಎರಡನೆಯ ಸಲ ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿರಿ. ಐದಕ್ಕೆ ನಾಲ್ಕಾಯಿತು, ಸುತ್ತುವರಿಯಲು ಎಡೆ ಕಡಿಮೆಯಾಯಿತು. ಆದರೆ ಹಿಂದೆ ಯಾರೂ ಇಲ್ಲ. ದಾಳ ಕೆಟ್ಟರೆ ಎಲ್ಲವೂ ಕೆಟ್ಟಿತು. ವೆಲ್ಲೆಸ್ಲಿ ಅಂದು ಮಾಡಿದ್ದು ಇದನ್ನೇ. ಶತ್ರುವಿನ ಸಾಲಿನ ಉದ್ದಕ್ಕೆ ಸರಿದೂಗಿಸಲು ಒಂದೇ ಸಾಲು ಕಟ್ಟಬೇಕಾಯಿತೆಂದು ಅವನೇ ವರದಿಯಲ್ಲಿ ತಿಳಿಸಿದ್ದಾನೆ. ಧೋಂಡಿಯಾನ ಸವಾರರು ಸ್ವಲ್ಪ ಹೊತ್ತು ಗಟ್ಟಿಯಾಗಿ ನಿಂತರು, ಆಮೇಲೆ ಇಡೀ ಸಾಲು ಮುರಿಯಿತು. ಪಕ್ಕದವನು ಓಡಿದರೆ ಮೂರಕ್ಕೂ ಓಟವೆಂಬ ನಿಯಮವನ್ನು ನಾವು ಇಟ್ಟಿರುವುದು ಇದಕ್ಕಾಗಿಯೇ. ಧೋಂಡಿಯಾ ಅಲ್ಲಿಯೇ ಮಡಿದನು.

ಇನ್ನೊಂದು ತುಂಡು ಬಾಕಿಯಿದೆ. ಧೋಂಡಿಯಾನ ಸಾಲಿನ ಹಿಂದೆ, ಬೀಜ ಅಂಟಿಸದ ಒಂದು ರಟ್ಟನ್ನು ಸಾಮಾನು ಸರಂಜಾಮಿನ ಗುರುತಾಗಿ ಇಡಬೇಕು. ಅದಕ್ಕೆ ದಾಳವಿಲ್ಲ, ಅದು ಓಡಲಾರದು. ಅಂದು ಆ ಸಾಮಾನಿನ ನಡುವೆ ಧೋಂಡಿಯಾನ ಸಾಕುಮಗ ಸಲಾಬತ್ ಖಾನ್ ಎಂಬ ನಾಲ್ಕು ವರ್ಷದ ಹುಡುಗ ಸಿಕ್ಕಿದನು. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದನು. 1805ರಲ್ಲಿ ಇಂಡಿಯಾ ಬಿಡುವಾಗ ಅವನ ಪಾಲನೆಗೆಂದು ಹಣವನ್ನು ಇಟ್ಟುಹೋದನು. ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿದನು. 1822ರಲ್ಲಿ ಕಾಲರಾ ರೋಗದಿಂದ ತೀರಿಕೊಂಡನು.